ಮಾವನ ಟಿಕ್ಕು, ನನ್ನ ಸೂಜಿ

ಪಿಯುಸಿ ಮುಗಿಸಿದ ವರ್ಷ, ನಾನು ಯಾವ ಕೆಲಸ ಕಲಿಯಬೇಕೆಂಬುದನ್ನು ನಮ್ಮ ಮನೆಯವರ ಕಾಯಿಲೆಗಳೇ ತೀರ್ಮಾನಿಸಲು ಹೊರಟವು. ಮಣಿಪಾಲದ ಒಂದು ತರಬೇತಿ ಸಂಸ್ಥೆಯಿಂದ ಫಾರಂ ತಂದಿದ್ದೆ. ಒಂದು ವರ್ಷದ ಕೋರ್ಸು, ಮುಗಿದರೆ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ಮೊದಲ ಮೆಟ್ಟಿಲಿನ ಕೆಲಸ. ಫಾರಂನಲ್ಲಿ ಆರು ಚೌಕಗಳು, ಒಂದಕ್ಕೆ ಮಾತ್ರ ಟಿಕ್ ಹಾಕಬೇಕು. ಒಂದು ಕಣ್ಣಿನ ಪೊರೆ ತೆಗೆಸಿ ಇನ್ನೊಂದನ್ನು ಬಾಕಿ ಇಟ್ಟಿದ್ದ ಅಜ್ಜಿ, ಕಣ್ಣಿನ ವಿಭಾಗದ ಸಹಾಯಕಿಯಾಗು ಎಂದರು. ಗಂಟುನೋವಿನ ಅತ್ತೆ, ಸೋದರಮಾವನ ಹೆಂಡತಿ, ಕಾರ್ಕಳದಿಂದ ಫೋನ್ ಮಾಡಿ, ಫಿಸಿಯೋಥೆರಪಿ ಸಹಾಯಕಿಯರಿಗೆ ಮುಂದೆ ಒಳ್ಳೆಯ ಕಾಲ ಉಂಟೆಂದು ಅರ್ಧ ಗಂಟೆ ವಿವರಿಸಿದರು. ಇಬ್ಬರೂ ನನ್ನ ಹಿತಕ್ಕೇ ಹೇಳುತ್ತಿದ್ದೇವೆಂದು ಮನಸಾರೆ ನಂಬಿದ್ದರು.

ನನಗೆ ಬೇಕಿದ್ದದ್ದು ರಕ್ತ ತೆಗೆಯುವ ಕೆಲಸ. ಅಜ್ಜಿಯ ಆಪರೇಷನ್ನಿಗೆ ಮೊದಲು ಪರೀಕ್ಷೆಗೆ ಹೋದಾಗ ಇಬ್ಬರು ಹುಡುಗರು ಅವರ ಕೈಗೆ ನಾಲ್ಕು ಸಲ ಚುಚ್ಚಿದರೂ ರಕ್ತ ಸಿಗಲಿಲ್ಲ. ಕೊನೆಗೆ ನಡುವಯಸ್ಸಿನ ಹೆಂಗಸೊಬ್ಬರು ಬಂದು, ಕಣ್ಣನ್ನು ಗೋಡೆಯ ಮೇಲಿಟ್ಟು, ಬೆರಳ ತುದಿಯಿಂದ ಒತ್ತಿ ಒತ್ತಿ ನೋಡಿ, ಒಂದೇ ಸಲಕ್ಕೆ ತೆಗೆದುಬಿಟ್ಟರು. ಆ ಒತ್ತುವಿಕೆ ನನಗೆ ಹೊಸತಲ್ಲ. ಅಮ್ಮ ಕಾಪು ಪೇಟೆಯಲ್ಲಿ ಮೀನು ಮಾರುವವರು. ಬಂಗುಡೆಯ ಬೆನ್ನು ಒತ್ತಿ ಬೆರಳು ತೆಗೆದಾಗ ಗುಳಿ ತುಂಬಿಕೊಂಡರೆ ಇವತ್ತಿನದು, ಗುಳಿ ಹಾಗೇ ಉಳಿದರೆ ನಿನ್ನೆಯದು. ಎರಡನೇ ಕ್ಲಾಸಿನಿಂದ ನನ್ನ ಬೆರಳು ಇದನ್ನೇ ಮಾಡಿಕೊಂಡು ಬಂದಿತ್ತು.

ಆದರೆ ನಮ್ಮಲ್ಲಿ ಸೋದರಮಾವನ ಮಾತೇ ಕೊನೆಯ ಮಾತು. ವಾರಕ್ಕೊಮ್ಮೆ ಮೀನಿನ ಬೋಟಿನಿಂದ ಇಳಿದು ಬರುವ ಅಪ್ಪನನ್ನು ಏನು ಕೇಳಿದರೂ, ಮಾವನನ್ನು ಕೇಳು ಎಂದು ಮಲಗಿಬಿಡುತ್ತಿದ್ದರು. ಮಾವನಿಗೆ ಕಾರ್ಕಳದಲ್ಲಿ ಟಯರ್ ಅಂಗಡಿ. ಭಾನುವಾರ ಬಂದರು, ಬಂಗುಡೆಯ ಹುಳಿಖಾರದ ಪುಳಿಮುಂಚಿ ಉಂಡರು, ಕೈ ತೊಳೆದು ಪೆನ್ನು ತೆಗೆದು ರಿಸೆಪ್ಷನ್ ಎಂಬ ಚೌಕಕ್ಕೆ ಟಿಕ್ ಹಾಕಿದರು. ಏಸಿ ಉಂಟು, ಕುರ್ಚಿ ಉಂಟು, ಇನ್ನೆಂತ ಬೇಕು ಎಂದರು. ರಕ್ತದ ಕೆಲಸವೆಂದು ನಾನು ಬಾಯಿ ಬಿಟ್ಟದ್ದೇ ತಡ, ಅವರ ಮುಖ ಬಿಳುಚಿಕೊಂಡಿತು. ಹೆಣ್ಣು ನೋಡಲು ಬಂದವರಿಗೆ ಹುಡುಗಿ ಚುಚ್ಚುತ್ತಾಳೆ ಎಂದು ಹೇಳಬೇಕಾ ಎಂದು ಗದರಿಸಿ, ಪೋಷಕರ ಜಾಗದಲ್ಲಿ ಸಹಿ ಜಡಿದು ಬಸ್ಸಿಗೆ ಹೊರಟರು. ನನಗೆ ಸಿಟ್ಟು ನೆತ್ತಿಗೇರಿತು. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದವರಿಗೆ ನಾನು ಕೊಡುವ ಉತ್ತರಕ್ಕೆ, ನಾನು ರಿಸೆಪ್ಷನ್ನಿನಲ್ಲಿ ಕೂತ ಆಸ್ಪತ್ರೆಗೆ ರೋಗಿಗಳೇ ಬರುವುದನ್ನು ನಿಲ್ಲಿಸುತ್ತಿದ್ದರು.

ಮಣಿಪಾಲದ ಕೌಂಟರಿನಲ್ಲಿ ಕೇಳಿದೆ. ಟಿಕ್ ಬದಲಾಯಿಸಬಹುದು, ಆದರೆ ಮೊದಲು ಸಹಿ ಮಾಡಿದವರೇ ಪಕ್ಕದಲ್ಲಿ ಇನ್ನೊಂದು ಸಹಿ ಹಾಕಬೇಕು, ಶುಕ್ರವಾರ ಕೊನೆಯ ದಿನ ಎಂದರು. ಗುರುವಾರ ಅಮ್ಮ ಕಟ್ಟಿಕೊಟ್ಟ ಮೀನಿನ ಪೊಟ್ಟಣ ಹಿಡಿದು, ಉಡುಪಿಯಲ್ಲಿ ಬಸ್ಸು ಬದಲಿಸಿ, ಕಾರ್ಕಳದವರೆಗೂ ನಿಂತೇ ಹೋದೆ.

ಮಾವ ಲಾರಿಯ ಟಯರಿನಿಂದ ಮೊಳೆ ಕೀಳುತ್ತಿದ್ದರು. ಕಾಯುತ್ತಾ ಕೂತವಳು ಗೋಡೆಯ ಕ್ಯಾಲೆಂಡರಿನ ಹಿಂದಿನಿಂದ ಇಣುಕುತ್ತಿದ್ದ ಚೀಟಿಯನ್ನು ಎಳೆದು ನೋಡಿದೆ. ಡಾಕ್ಟರು ಸಕ್ಕರೆ ಪರೀಕ್ಷೆಗೆ ಬರೆದುಕೊಟ್ಟ ಚೀಟಿ, ಎರಡು ಮಳೆಗಾಲ ಹಳೆಯದು. ಪರೀಕ್ಷೆ ಆಯಿತು, ಎಲ್ಲ ನಾರ್ಮಲ್ ಎಂದು ಮಾವ ಇಡೀ ಕುಟುಂಬಕ್ಕೆ ಹೇಳಿ ಮದುವೆಮನೆಗಳಲ್ಲಿ ಹೋಳಿಗೆ ಹೊಡೆಯುತ್ತಿದ್ದರು. ರಿಪೋರ್ಟ್ ಎಲ್ಲಿ ಎಂದು ಕೇಳಿದೆ. ಅವರು ಮೊಳೆ ಕೆಳಗಿಟ್ಟು, ಕೆಲಸದವರು ದೂರದಲ್ಲಿದ್ದಾರೆಯೇ ಎಂದು ನೋಡಿ, ನನ್ನ ಪಕ್ಕ ಬಂದು ಕೂತರು.

“ಎಂತ ಹೇಳುವುದು ಮಾರಾಯ್ತಿ. ಲ್ಯಾಬಿನ ಬಾಗಿಲವರೆಗೆ ಹೋಗ್ತೇನೆ. ಸೂಜಿಯ ಪ್ಯಾಕೆಟ್ ಹರಿಯುವ ಶಬ್ದ ಕೇಳಿದ್ರೆ ಕಾಲು ತನ್ನಷ್ಟಕ್ಕೆ ಬಸ್‌ಸ್ಟ್ಯಾಂಡಿಗೆ ಹೋಗ್ತದೆ.”

ನಗು ಗಂಟಲವರೆಗೆ ಬಂದಿತ್ತು. ಆದರೆ ಅವರ ಮುಖ ನೋಡಿ ಪಾಪ ಅನ್ನಿಸಿತು. ಭಾನುವಾರದ ಗದರಿಕೆ ನನ್ನ ಮದುವೆಯ ಚಿಂತೆಯಿಂದ ಬಂದದ್ದಲ್ಲ ಎಂದು ಗೊತ್ತಾಯಿತು.

“ಬೇರೆಯವರು ಬೇಡ ಮಾವ. ನಾನು ಕಲಿತು ತೆಗೀತೇನೆ,” ಎಂದೆ.

ಅವರು ಎಷ್ಟು ಬೇಗ ಸಹಿ ಹಾಕಿದರೆಂದರೆ ನನಗೇ ಅನುಮಾನ ಬಂತು. ವಾಪಸು ಬಸ್ಸಿನಲ್ಲಿ ಹೊಳೆಯಿತು: ಮಾವ ಸೂಜಿಯಿಂದ ಒಂದು ವರ್ಷದ ರಜೆ ಸಂಪಾದಿಸಿದ್ದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬೇಕಾ ಎಂದು, ನನ್ನಿಂದ ವಿಷಯ ತಿಳಿದ ಅಮ್ಮ ವಾರ ವಾರ ಫೋನಿನಲ್ಲಿ ಬೈದರೆ, ನನ್ನ ಟೆಕ್ನಿಷಿಯನ್ ಇನ್ನೂ ಟ್ರೈನಿಂಗಿನಲ್ಲಿದ್ದಾಳೆ ಎಂದು ಗಂಭೀರವಾಗಿ ಉತ್ತರ ಬರುತ್ತಿತ್ತು.

ಕೋರ್ಸಿನಲ್ಲಿ ಮೊದಲು ಸಿಕ್ಕಿದ್ದು ರಬ್ಬರಿನ ಕೈ. ಎಷ್ಟೋ ಬ್ಯಾಚಿನವರು ಚುಚ್ಚಿ ಚುಚ್ಚಿ ಅದು ಮೆತ್ತಗಾಗಿತ್ತು. ಒತ್ತಿದೆ, ಗುಳಿ ಹಾಗೇ ಉಳಿಯಿತು. ಅಭ್ಯಾಸಬಲದಿಂದ, ಇದು ನಿನ್ನೆಯದು ಎಂದು ಗಟ್ಟಿಯಾಗಿ ಹೇಳಿ ಪಕ್ಕಕ್ಕೆ ಸರಿಸಿಬಿಟ್ಟೆ. ಕ್ಲಾಸು ಗೊಳ್ಳೆಂದಿತು. ಕಲಿಸುವ ಮೇಡಂ ಮಾತ್ರ ನಗದೆ ನನ್ನನ್ನು ಕರೆದು, ಬೆರಳಿಟ್ಟು ನೋಡುವುದನ್ನು ಎಲ್ಲಿ ಕಲಿತದ್ದು ಎಂದು ವಿಚಾರಿಸಿದರು. ಮೀನು ಮಾರ್ಕೆಟಿನಲ್ಲಿ ಎಂದೆ. ಹಾಗಾದರೆ ನೀನು ಬೇಗ ಕಲಿಯುತ್ತೀ ಎಂದರು. ಆ ಮಾತಿಗೆ ನಾನು ಇಡೀ ದಿನ ಉಬ್ಬಿಕೊಂಡೇ ಇದ್ದೆ.

ಮೂರೇ ತಿಂಗಳಲ್ಲಿ, ಮೇಡಂ ಪಕ್ಕದಲ್ಲಿ ನಿಂತಿದ್ದರೆ ನಿಜವಾದ ಕೈ ಮುಟ್ಟಬಹುದು ಎಂಬುದು ಮಾವನಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ಅವರೇ ಕಾರ್ಕಳಕ್ಕೆ ಹೋಗಿ ಅಣ್ಣನನ್ನು ಮೊಣಕೈ ಹಿಡಿದು ಮಣಿಪಾಲಕ್ಕೆ ಕರೆತಂದರು. ಮಾವ ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿದ್ದರು. ಅದರ ತೋಳನ್ನು ಅಮ್ಮನೇ ಮಡಚಿ ಕೊಟ್ಟರು. ಟಯರ್ ಎತ್ತಿ ಎತ್ತಿ ದಪ್ಪಗಾದ ತೋಳು, ರಕ್ತನಾಳ ಕಣ್ಣಿಗೆ ಕಾಣುತ್ತಲೇ ಇಲ್ಲ. ತಪ್ಪಿದರೆ ಇವರು ಜನ್ಮದಲ್ಲಿ ಇನ್ನೊಮ್ಮೆ ಕೈ ನೀಡುವುದಿಲ್ಲ ಎಂದು ನನಗೆ ಚೆನ್ನಾಗಿ ತಿಳಿದಿತ್ತು. ಕಣ್ಣನ್ನು ಗೋಡೆಯ ಮೇಲಿಟ್ಟು ಒತ್ತಿದೆ. ಒಂದು ಕಡೆ ಬೆರಳನ್ನು ಯಾರೋ ಒಳಗಿನಿಂದ ಹಿಂದಕ್ಕೆ ತಳ್ಳಿದ ಹಾಗಾಯಿತು.

“ಇವತ್ತಿನದು,” ಎಂದೆ ಅಮ್ಮನಿಗೆ.

“ಎಂತ ಇವತ್ತಿನದು?” ಎಂದು ಮಾವ ಗಾಬರಿಯಿಂದ ಅಮ್ಮನ ಕಡೆ ತಿರುಗಿದರು. ಅವರು ಉತ್ತರಕ್ಕೆ ಕಾಯುವಷ್ಟರಲ್ಲಿ ಟ್ಯೂಬು ತುಂಬಿತು.

ಸಕ್ಕರೆ ಬೇಕಾದಷ್ಟು ಇತ್ತು. ಮಾತ್ರೆ ಶುರುವಾಯಿತು, ಹೋಳಿಗೆ ನಿಂತಿತು. ಈಗ ನಾನು ಉಡುಪಿಯ ಒಂದು ಲ್ಯಾಬಿನಲ್ಲಿದ್ದೇನೆ. ಮಾವ ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ಬಂದು ಮೊದಲ ಟೋಕನ್ ತೆಗೆದುಕೊಂಡು, ಬೇರೆ ಯಾರಿಗೂ ಕೈ ನೀಡದೆ, ನನ್ನ ಎದುರಿನ ಕುರ್ಚಿ ಖಾಲಿಯಾಗುವವರೆಗೆ ಎಲ್ಲರನ್ನೂ ಮುಂದೆ ಕಳಿಸುತ್ತಾರೆ. ಇಂಥ ಸಜ್ಜನರನ್ನು ನೋಡಿಲ್ಲ ಎಂದು ನಮ್ಮ ಲ್ಯಾಬಿನವರು ಹೇಳುತ್ತಾರೆ. ಕಾರ್ಕಳದಲ್ಲಿ ಮಾತ್ರ, ಹುಡುಗಿಗೆ ಈ ಲೈನು ಆರಿಸಿಕೊಟ್ಟದ್ದು ತಾನೇ ಎಂಬ ಮಾವನ ಪ್ರಚಾರ ನಡೆದಿದೆ. ಸಹಿ ಅವರದೇ ಆದ್ದರಿಂದ ನಾನು ತಕರಾರು ಮಾಡುವುದಿಲ್ಲ.

ಮೊನ್ನೆ ನನಗೆ ರಜೆ. ಮಾವ ಅದು ಗೊತ್ತಿಲ್ಲದೆ ಲ್ಯಾಬಿನಲ್ಲಿ ಹನ್ನೊಂದು ಗಂಟೆಯವರೆಗೆ ಊರವರನ್ನೆಲ್ಲ ಮುಂದೆ ಕಳಿಸಿ, ಕೊನೆಗೆ ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿ ಕಾಪುವಿಗೆ ಬಂದು, ನಮ್ಮ ಜಗಲಿಯಲ್ಲಿ ಅಂಗಿಯ ತೋಳು ಮಡಚಿ ಕೂತರು. ಸೂಜಿ ಮನೆಯಲ್ಲಿ ಇರುವುದಿಲ್ಲ ಮಾವ ಎಂದೆ. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡದ್ದು ಅದೇ ಮೊದಲು. ಅಮ್ಮ ಅವರಿಗೆ ಗಂಜಿ ಬಡಿಸಿ, ರಾತ್ರಿ ಅಲ್ಲೇ ಉಳಿಸಿಕೊಂಡು, ಮರುದಿನ ಬೆಳಿಗ್ಗೆ ನನ್ನ ಜೊತೆಗೇ ಉಡುಪಿಯ ಬಸ್ಸು ಹತ್ತಿಸಿದರು.