ವೈನ್ ಮೇಷ್ಟ್ರ ಮೂಗು

ಗ್ಲಾಸಿನೊಳಕ್ಕೆ ಮೂಗು ಇಳಿಸಿದ್ರೆ ಮೇಷ್ಟ್ರ ಕನ್ನಡಕ ಗ್ಲಾಸಿನ ಅಂಚಿಗೆ ತಾಗಿ ‘ಟಿಣ್’ ಅಂತಿತ್ತು. ಅಷ್ಟುದ್ದದ ಮೂಗು. ತುದಿ ಒಂಚೂರು ಎಡಕ್ಕೆ ವಾಲಿತ್ತು. ಹೊಳ್ಳೆಗಳು ಅಗಲ, ಯಾವಾಗ್ಲೂ ಏನೋ ಹುಡುಕ್ತಿರೋ ಹಂಗೆ ಸಣ್ಣಗೆ ಅದುರ್ತಿದ್ವು. ನಾನು ಮೊದಲನೇ ದಿನಾನೇ ಕೇಳ್ಬಿಟ್ಟೆ. “ಮೇಷ್ಟ್ರೇ, ಬಸ್ಸಲ್ಲಿ ಈ ಮೂಗಿಗೆ ಬೇರೆ ಟಿಕೆಟ್ ತಗೋತೀರೋ, ನಿಮ್ಮದರಲ್ಲೇ ಹತ್ತಿಸ್ತೀರೋ?”

ಅವರು ನಿಧಾನಕ್ಕೆ ಗ್ಲಾಸಿಂದ ತಲೆ ಎತ್ತಿದ್ರು. “ಟಿಕೆಟ್ಟು ಮೂಗಿಗೇ ಗೌಡ್ರೇ. ನಾನು ಅದರ ಲಗೇಜು.”

ನಮ್ಮೂರು ಆವತಿ ಸುತ್ತಮುತ್ತ ಹತ್ತೂರಲ್ಲಿ ನನ್ನ ಮಾತನ್ನ ಹಿಂಗೆ ವಾಪಸ್ ಎಸೆದೋರು ಇನ್ನೊಬ್ರಿಲ್ಲ. ಸುಮ್ನೆ ಹೇಳ್ತಿಲ್ಲ. ಮಾಕಳಿದುರ್ಗ ಹತ್ತೋಕೆ ಬಂದ ಸಿಟಿಯೋರಿಗೆ “ಮೇಲೆ ಕ್ಯಾಂಟೀನ್ ಐತೆ, ಬಿಸಿ ಇಡ್ಲಿ ಸಿಕ್ತದೆ, ಬುತ್ತಿ ಯಾಕೆ ಹೊರ್ತೀರಾ” ಅಂತ ಹೇಳಿ, ಅವರ ಬುತ್ತೀನ ಕೆಳಗೆ ಕೂತು ಪೂರ್ತಿ ತಿಂದೋನು ನಾನು. ಈಗ ಎಪ್ಪತ್ತು ದಾಟೈತೆ. ಮಾಡಿದ ಕುಚೇಷ್ಟೆಗಳಲ್ಲಿ ಒಂದಕ್ಕೂ ಬೇಜಾರಾಗಿಲ್ಲ, ಒಂದನ್ನ ಬಿಟ್ಟು.

ದೊಡ್ಡಬಳ್ಳಾಪುರದ ಕಡೆ ಇರೋ ಒಂದು ವೈನ್ ಫ್ಯಾಕ್ಟ್ರೀಲಿ ಮೇಷ್ಟ್ರದ್ದು ರುಚಿ ನೋಡೋ ಕೆಲಸ. ಯಾವ ಟ್ಯಾಂಕಿನದು ಬಾಟ್ಲಿಗೆ ಹೋಗ್ಬೇಕು, ಯಾವುದು ಇನ್ನೂ ಕಾಯ್ಬೇಕು ಅಂತ ಮೂಸಿ ಹೇಳೋರು. ಭಾನುವಾರ ಬರೋ ಹೊಸಬರಿಗೆ ವೈನ್ ಕುಡಿಯೋ ಪಾಠ ಮಾಡೋರು, ಅದಕ್ಕೇ ಮೇಷ್ಟ್ರು. ಆ ಮೂಗೇ ಅವರ ಅನ್ನ. ಆ ಅನ್ನಕ್ಕೆ ಮಣ್ಣು ಹಾಕ್ದೋನು ನಾನು. ಮೊದಲೇ ಹೇಳ್ಬಿಟ್ಟಿದ್ದೀನಿ. ಇಲ್ದಿದ್ರೆ ಆ ಜಾಗಕ್ಕೆ ಬಂದಾಗ ಏನಾದ್ರೂ ತಮಾಷೆ ಮಾಡಿ ಜಾರ್ಕೊಂಬಿಡ್ತೀನಿ.

ನಮ್ಮ ಮನೇಲಿ ಅಪ್ಪನ ಕಾಲದಿಂದ ನೀಲಿ ದ್ರಾಕ್ಷಿ. ಫ್ಯಾಕ್ಟ್ರಿಯೋರು ಮಸ್ಕಟ್ ಅನ್ನೋ ಬಿಳೀ ಜಾತಿ ಕಡ್ಡಿ ಕೊಟ್ರು ಅಂತ ತೋಟದ ಒಂದು ಮಗ್ಗುಲಿಗೆ ಅದನ್ನ ಹಾಕ್ದೆ. ಹಣ್ಣು ಕೊಯ್ಯೋದು, ಲೋಡ್ ಮಾಡಿ ಕಳ್ಸೋದು, ಅಲ್ಲಿಗೆ ನಮ್ಮ ಸಂಬಂಧ ಮುಗೀತು. ಅದು ಬಾಟ್ಲೀಲಿ ಏನಾಗ್ತದೆ ಅಂತ ನಾವು ಕೇಳ್ದೋರಲ್ಲ, ಅವರು ಹೇಳ್ದೋರಲ್ಲ.

ಮೇಷ್ಟ್ರಿಗೆ ಇದು ಸರಿ ಕಾಣ್ಲಿಲ್ಲ. “ರಾಗಿ ಬೆಳೆದೋನು ಮುದ್ದೆ ರುಚಿ ನೋಡಿಲ್ಲ ಅಂದ್ರೆ ಒಪ್ತೀರಾ?” ಅಂತ ಮ್ಯಾನೇಜರ್ ಹತ್ರ ಜಗಳ ಆಡಿ ಒಂದು ಪದ್ಧತಿ ಮಾಡ್ಸಿದ್ರು. ವರ್ಷಕ್ಕೊಂದ್ಸಲ ಹೊಸ ವೈನಿನ ಮೊದಲ ಬಾಟ್ಲೀನ ಬೆಳೆದೋರ ಮುಂದೇನೇ ತೆಗೀಬೇಕು, ಗಂಡ ಹೆಂಡ್ತಿ ಇಬ್ರೂ ಬರ್ಬೇಕು. ಅದಕ್ಕೆ ‘ಬೆಳೆದೋರ ಗ್ಲಾಸು’ ಅಂತ ಹೆಸರಿಟ್ರು.

ಮೊದಲನೇ ವರ್ಷ ನನ್ನ ಹೆಂಡ್ತಿ ಮದುವೆಗೆ ಹೊರಟೋಳ ಹಂಗೆ ಮೊಳಗಟ್ಲೆ ಮಲ್ಲಿಗೆ ಮುಡ್ಕೊಂಡು ಬಂದ್ಲು. ಮೇಷ್ಟ್ರು ಬಾಗಿಲಲ್ಲೇ ತಡೆದ್ರು. “ಅಮ್ಮಾ, ತಪ್ಪು ತಿಳ್ಕೋಬೇಡಿ. ಹೂ ತೆಗೆದು ಆ ಕಿಟಕಿ ಮೇಲಿಡಿ, ಹೋಗೋವಾಗ ಮುಡ್ಕೊಳ್ಳಿ. ಮಲ್ಲಿಗೆ ಇರೋ ಕಡೆ ಬೇರೆ ಯಾರ ಮಾತೂ ಕೇಳ್ಸಲ್ಲ.” ಅವರಂತೂ ಮೈಗೆ ಸೋಪೇ ಹಾಕ್ತಿರ್ಲಿಲ್ಲ, ಬರೀ ಕಡ್ಲೆಹಿಟ್ಟು.

ಆಮೇಲೆ ಐಸ್ ತುಂಬಿದ ಬಕೆಟ್ಟಿಂದ ಬಾಟ್ಲಿ ತೆಗೆದು ಎಲ್ಲರಿಗೂ ಎರಡು ಬೆರಳಷ್ಟು ಹಾಕಿದ್ರು. ಪನ್ನೀರು ಗುಲಾಬಿ ಬಣ್ಣ, ಒಳಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು. “ಹೊಸಬರು ಶುರು ಮಾಡೋದಾದ್ರೆ ಇದರಿಂದಲೇ. ಮಸ್ಕಾಟೊ ಅಂತಾರೆ. ನಿಮ್ಮ ಬಿಳೀ ಮಸ್ಕಟ್ ಹಣ್ಣಿನ ರಸಕ್ಕೆ ಒಂಚೂರು ಕೆಂಪು ವೈನ್ ಸೇರಿಸಿರೋದು. ಗ್ಲಾಸಿನ ಕಾಲು ಹಿಡೀರಿ, ಹೊಟ್ಟೆ ಹಿಡೀಬೇಡಿ, ಕೈ ಬಿಸಿ ತಾಗುತ್ತೆ. ಮೊದಲು ಕಣ್ಣು, ಆಮೇಲೆ ಮೂಗು. ನಾಲಿಗೆ ಕೊನೇಲಿ.”

ನನ್ನವಳು ಕಣ್ಣು ಮೂಗು ಎರಡನ್ನೂ ಹಾರಿಸಿ ನೇರ ನಾಲಿಗೆಗೆ ಹೋದ್ಲು. “ಇದೇನ್ರೀ, ಪಾನಕ ಇದ್ದಂಗೈತೆ!”

“ಪಾನಕ ಅಂತ ಚೊಂಬು ಎತ್ಬೇಡಿ ಅಮ್ಮಾ, ಸಿಹಿ ಹಿಂದೆ ಅಮಲು ಬಚ್ಚಿಟ್ಕೊಂಡಿದೆ. ದೋಸೆ ಹಿಟ್ಟು ಉಬ್ಬೋವಾಗ ಅರ್ಧದಲ್ಲೇ ಫ್ರಿಜ್ಜಿಗೆ ಇಡಲ್ವಾ ನೀವು? ಹಂಗೇ ಇದನ್ನೂ ಅರ್ಧದಲ್ಲೇ ತಣ್ಣಗೆ ಮಾಡಿ ನಿಲ್ಲಿಸ್ತೀವಿ. ಅದಕ್ಕೇ ಸಕ್ಕರೆ ಉಳ್ಕೊಳ್ಳುತ್ತೆ, ಅಮಲು ಬೇರೆ ವೈನಿನ ಅರ್ಧದಷ್ಟು. ಅರ್ಧ ಅಂದ್ರೆ ಇಲ್ಲ ಅಂತಲ್ಲ.” ಹಂಗಂದು ತಟ್ಟೇಲಿ ಮೆಣಸಿನಕಾಯಿ ಬಜ್ಜಿ ಇಟ್ರು. ಖಾರ ತಿಂದು ಇದನ್ನ ಒಂದು ಗುಟುಕು ಕುಡೀಬೇಕಂತೆ. ಕುಡಿದ್ವಿ. ಬಜ್ಜಿ ತಟ್ಟೆ ಎರಡು ಸಲ ಖಾಲಿ ಆಯ್ತು.

ನನ್ನ ಕೇಳಿದ್ರು, “ಏನು ವಾಸನೆ ಬಂತು ಗೌಡ್ರೇ?”

“ದ್ರಾಕ್ಷಿದು. ಇನ್ನೇನು, ಹಸೂದಾ?”

ಎಲ್ರೂ ನಕ್ರು, ಅವರು ನಗ್ಲಿಲ್ಲ. “ಸರಿಯಾಗಿ ಹೇಳಿದ್ರಿ. ಬೇರೆ ಜಾತಿ ಹಣ್ಣು ವೈನಾದ ಮೇಲೆ ತವರು ಮರೆತುಬಿಡ್ತಾವೆ. ಇದೊಂದು ಮರೆಯಲ್ಲ. ನೀವು ಮೂಸಿದ್ದು ನಿಮ್ಮ ತೋಟಾನ.”

ಇನ್ನೊಂದ್ಸಲ ಮೂಸ್ದೆ. ಬೆಳಗ್ಗೆ ಕೊಯ್ಯೋವಾಗ ಎಲೆ ಸಂದೀಲಿ ಬರ್ತದಲ್ಲ, ಅದೇ. ಅಷ್ಟು ವರ್ಷ ಆ ಹಣ್ಣಿನ ಮಧ್ಯೆ ಓಡಾಡಿದ್ರೂ ನನ್ನ ಮೂಗನ್ನ ಬಳ್ಸಿದ್ದು ಅವತ್ತೇ.

ಆಮೇಲೆ ಆ ಜ್ವರ ಬಂತು, ಊರಿಗೂರೇ ಬಾಯಿಗೆ ಬಟ್ಟೆ ಕಟ್ಕೊಂಡಿತ್ತಲ್ಲ, ಅದು. ಎರಡು ವರ್ಷ ಬೆಳೆದೋರ ಗ್ಲಾಸು ನಡೀಲಿಲ್ಲ. ಮೂರನೇ ವರ್ಷ ಗೌರಿಹಬ್ಬ ಕಳೆದ ಮೇಲೆ ಕರೆ ಬಂತು. ಎರಡು ವರ್ಷದ ಕುಚೇಷ್ಟೆ ನನ್ನ ಹೊಟ್ಟೇಲಿ ಹಂಗೇ ಬಾಕಿ ಇತ್ತು.

ನಮ್ಮ ದೇವನಹಳ್ಳಿ ಚಕೋತ ಗೊತ್ತಲ್ಲ? ಒಳಗೆ ಗುಲಾಬಿ ಬಣ್ಣ. ಎರಡು ಹಣ್ಣು ಹಿಂಡಿ, ಹಳೇ ಪಂಚೇಲಿ ಏಳು ಸಲ ಸೋಸ್ದೆ. ಸಕ್ಕರೆ ಹಾಕ್ದೆ, ಸೋಡಾ ಬೆರೆಸ್ದೆ. ಅದೇ ವೈನಿನ ಖಾಲಿ ಬಾಟ್ಲೀಗೆ ತುಂಬಿ, ತಿರುಗಿಸೋ ಮುಚ್ಚಳ ಬಿಗಿ ಮಾಡಿ, ಅಲ್ಲಿಗೆ ಹೋಗಿ ಯಾರೂ ನೋಡ್ದಂಗೆ ಐಸ್ ಬಕೆಟ್ಟಿಗೆ ಇಳಿಸ್ದೆ. ಅಸಲಿ ಬಾಟ್ಲಿ ಟೇಬಲ್ ಕೆಳಗೆ. “ಇವತ್ತು ನಾನು ತೆಗೀತೀನಿ ಕೊಡಿ ಮೇಷ್ಟ್ರೇ” ಅಂತ ಕೈಗೆ ತಗೊಂಡು, ಸೀಲು ಒಡೆಯೋ ‘ಟಕ್’ ಸದ್ದನ್ನ ನಾಲಿಗೇಲೇ ಮಾಡ್ದೆ. ಅಂಥ ಕಲಾವಿದ ನಾನು.

ಆ ಮೂಗು ಅರ್ಧ ಗಳಿಗೇಲಿ ಹಿಡೀತದೆ, ನನಗೆ ಒಂದು ಮಾತು ವಾಪಸ್ ಎಸೀತಾರೆ, ನಕ್ಕು ಅಸಲಿ ಬಾಟ್ಲಿ ತೆಗೀತೀವಿ ಅಂತ ಲೆಕ್ಕ ಹಾಕಿದ್ದೆ. ಅವರ ಮೂಗಿನ ಮೇಲೆ ನಂಬಿಕೆ ಇತ್ತು ಅಂತಲೇ ಮಾಡಿದ್ದು.

ಮೇಷ್ಟ್ರು ಮೂಗು ಇಳಿಸಿದ್ರು. ಟಿಣ್. ಕಣ್ಣು ಮುಚ್ಚಿದ್ರು. ಒಂದು ಗುಟುಕು ಕುಡಿದು ಬಾಯೆಲ್ಲ ಆಡಿಸಿದ್ರು. “ಮೊದಲು ಗುಲಾಬಿ… ಆಮೇಲೆ ಪೀಚ್ ಹಣ್ಣು… ಹಿಂದೆ ಒಂಚೂರು ಜೇನು. ಈ ಸಲ ಗೌಡರ ತೋಟದ ಹಣ್ಣು ಬಹಳ ಚೆನ್ನಾಗಿ ಬಂದಿದೆ.”

ನಾನು ಕಾದೆ. ಆಟ ಆಡ್ತಾವ್ರೆ ಅಂದ್ಕೊಂಡೆ. ಅಷ್ಟರಲ್ಲಿ ಏನೂ ಗೊತ್ತಿಲ್ದ ನನ್ನ ಹೆಂಡ್ತಿ ಗ್ಲಾಸು ಬಾಯಿಗಿಟ್ಟೋಳು, “ಅಯ್ಯೋ, ಇದು ಚಕೋತ ಕಣ್ರೀ! ನೆನ್ನೆ ನನ್ನ ಅಡುಗೆಮನೇಲಿ ಹಿಂಡ್ತಿದ್ರಲ್ಲಾ!” ಅಂದ್ಬಿಟ್ಲು. ಕೂತೋರೆಲ್ಲ ಹೋ ಅಂತ ನಕ್ರು. ಎಲ್ಲರಿಗಿಂತ ಜೋರಾಗಿ ನಾನು.

ಮ್ಯಾನೇಜರ್ ನಗ್ಲಿಲ್ಲ. ಅವನೊಂದು ಗ್ಲಾಸು ಎತ್ತಿ ಮೂಸಿದ. ಕೆಳಗಿಟ್ಟ. “ಸಾರ್, ಇದು ನಿಮಗೆ ಗೊತ್ತಾಗ್ಲಿಲ್ವಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸೋಕೆ ಶುರು ಮಾಡಿದ್ರು. ಒರೆಸ್ತಾನೇ ಇದ್ರು.

“ನಾನೂ ಮೇಷ್ಟ್ರೂ ಮೊದಲೇ ಮಾತಾಡ್ಕೊಂಡು ಆಡಿದ ನಾಟಕ ಇದು ಸಾರ್” ಅಂತ ಒಂದು ಮಾತು ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ಹುಟ್ಟಿದಾಗಿಂದ ಬೇಡದ ಕಡೆಯೆಲ್ಲ ಸುಳ್ಳು ಹೇಳ್ಕೊಂಡು ಬಂದೋನು ನಾನು. ಅವತ್ತು ಬೇಕಾಗಿದ್ದ ಆ ಒಂದೇ ಒಂದು ಸುಳ್ಳು ಬಾಯಿಗೆ ಬರ್ಲಿಲ್ಲ. ಯಾಕಂದ್ರೆ ಬಾಯಿ ಇನ್ನೂ ನಗ್ತಿತ್ತು.

ಮೇಷ್ಟ್ರು ಕನ್ನಡಕ ಹಾಕ್ಕೊಂಡು ನನ್ನ ಕಡೆ ನೋಡಿದ್ರು. “ಚೆನ್ನಾಗಿ ಸೋಸಿದ್ದೀರಿ ಗೌಡ್ರೇ. ಒಂದು ಎಳೇನೂ ಇಲ್ಲ.” ಅಷ್ಟೇ ಅಂದು ಎದ್ದು ಒಳಗೆ ಹೋದ್ರು.

ವಾಪಸ್ ಆಟೋದಲ್ಲಿ ಬಂದ್ವಿ. ಊರು ಹತ್ರ ಆದ್ಮೇಲೆ ಹೆಂಡ್ತಿ ಅಂದ್ಲು, “ಆವಯ್ಯ ಇವತ್ತು ನನ್ನ ಹೂ ತೆಗೀರಿ ಅನ್ಲಿಲ್ಲ. ಬಾಗಿಲಲ್ಲೇ ಇದ್ರಲ್ಲ, ನೀವು ನೋಡ್ಲಿಲ್ವಾ?”

ನೋಡಿದ್ದೆ. ವಯಸ್ಸಾಯ್ತು, ಮೆತ್ತಗಾಗವ್ರೆ ಅಂದ್ಕೊಂಡು ಸುಮ್ಮನಾಗಿದ್ದೆ.

ಆ ತಿಂಗಳೇ ಅವರನ್ನ ಕೆಲಸದಿಂದ ಬಿಡಿಸಿದ್ರು. ಹೊಸಕೋಟೇಲಿ ಅವರ ಅಕ್ಕ ಇದ್ರು, ಅಲ್ಲಿಗೆ ಹೋದ್ರಂತೆ. ಮುಂದಿನ ಕೊಯ್ಲಿನ ತನಕ ಮುಖ ತೋರ್ಸೋ ಧೈರ್ಯ ನನಗೆ ಬರ್ಲಿಲ್ಲ. ಕೊನೆಗೆ ಮಸ್ಕಟ್ಟಿನ ಒಂದು ಗೊನೆ ಪೇಪರಲ್ಲಿ ಸುತ್ಕೊಂಡು ಹೋದೆ. ತಪ್ಪಾಯ್ತು ಅನ್ಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಗಿಲು ತೆಗೆದ ಕೂಡ್ಲೇ ಬಾಯಿಂದ ಬಂದಿದ್ದು, “ಏನ್ ಮೇಷ್ಟ್ರೇ, ಲಗೇಜು ಹೊಸಕೋಟೇಲೇ ಇಳಿದ್ಬಿಟ್ಟೈತೆ?” ಹೇಳಿ ನಾಲಿಗೆ ಕಚ್ಕೊಂಡೆ.

ಅವರು ಬೈಲಿಲ್ಲ, ಕೂರಿಸಿ ಕಾಫಿ ಕೊಡಿಸಿದ್ರು. “ಜ್ವರ ಬಂದು ಹೋದಾಗ ವಾಸನೇನೂ ಕರ್ಕೊಂಡು ಹೋಯ್ತು ಗೌಡ್ರೇ. ವಾಪಸ್ ಬರುತ್ತೆ ಅಂದ್ರು ಡಾಕ್ಟ್ರು. ಅಲ್ಲಿವರೆಗೂ ಬಣ್ಣ, ಗುಳ್ಳೆ ನೋಡ್ಕೊಂಡು, ನಾಲಿಗೇಲಿ ಸಿಹಿ ಹುಳಿ ತೂಗಿ, ಹಳೇ ನೆನಪಲ್ಲಿ ದಾಟಿಸ್ತಿದ್ದೆ. ನಿಮ್ಮ ಚಕೋತದಲ್ಲೂ ಸಿಹಿ, ಹುಳಿ, ಗುಳ್ಳೆ ಮೂರೂ ಸರಿಯಾಗಿತ್ತು.”

ಆಮೇಲೆ ಗೊನೆ ಬಿಚ್ಚಿ ನನ್ನ ಕೈಗೇ ವಾಪಸ್ ಕೊಟ್ರು. “ಮೂಸಿ ಹೇಳಿ. ಈ ವರ್ಷ ಹೆಂಗಿದೆ?”

ಮೂಸ್ದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟಪಟ್ಟು ನಿಜ ಹೇಳಿದ್ದಿಲ್ಲ. “ಮಳೆ ಜಾಸ್ತಿ ಆಯ್ತಲ್ಲ, ಹೋದ ಸಲದಷ್ಟು ಘಮ ಇಲ್ಲ ಮೇಷ್ಟ್ರೇ. ತೊಟ್ಟಿನ ಹತ್ರ ಕಿತ್ತಳೆ ಹೂವಿನ ಹಂಗೆ ಬರ್ತೈತೆ. ಹಣ್ಣಿನಲ್ಲಿ ಬರೀ ಜೇನು.”

ಕಣ್ಣು ಮುಚ್ಚಿ ಪೂರ್ತಿ ಕೇಳಿದ್ರು. ಆಮೇಲೆ ಗೊನೇನ ನನ್ನ ಕೈಯಿಂದ ತಗೊಂಡು, ಒಳಗೆ ತಿರುಗಿ ಕರೆದ್ರು. “ಅಕ್ಕಾ, ಇಲ್ಲಿ ಬಾ. ಗೌಡ್ರು ಹೇಳ್ತಿರೋದು ಹೌದಾ ನೋಡು.”

ಅವರ ದನೀಲಿ ಕೊಂಕಿರ್ಲಿಲ್ಲ. ಕೊಂಕಿದ್ದಿದ್ರೆ ನಾನು ತಡ್ಕೋತಿದ್ದೆ.

ಆಮೇಲೆ ಎರಡು ಕೊಯ್ಲಿಗೂ ಹೋದೆ. ಪ್ರತಿ ಸಲ ನಾನು ಹೇಳೋದು, ಅಕ್ಕ ಬಂದು ಮೂಸಿ ತಲೆ ಆಡಿಸೋದು, ಅದಾದ ಮೇಲೇ ಅವರ ಮುಖ ಸಡಿಲ ಆಗೋದು. ಈ ವರ್ಷ ಹಣ್ಣು ಬಣ್ಣ ತಿರುಗೋ ಮುಂಚೇನೇ ಮೇಷ್ಟ್ರು ಹೋಗ್ಬಿಟ್ರು ಅಂತ ಫೋನ್ ಬಂತು. ಹೋಗಿ ಹಾರ ಹಾಕಿ ಬಂದೆ. ಮಲ್ಲಿಗೇದು ಬೇಡ ಅಂತ ಹೆಂಡ್ತಿ ಹೇಳಿದ್ಲು, ಸೇವಂತಿಗೆ ತಗೊಂಡು ಹೋಗಿದ್ದೆ.

ತಪ್ಪಾಯ್ತು ಅಂತ ಅವರಿಗೆ ನಾನು ಹೇಳ್ಲೇ ಇಲ್ಲ. ಪ್ರತಿ ಸಲ ಗಂಟಲ ತನಕ ಬಂತು. ಆದ್ರೆ ಹೇಳಿದ್ಮೇಲೆ ಅವರು ಒಳಗೆ ತಿರುಗಿ ‘ಇದೂ ಹೌದಾ ನೋಡು’ ಅಂತ ಅಕ್ಕನ್ನ ಕರೆದ್ಬಿಟ್ರೆ ಏನ್ ಮಾಡ್ಲಿ ಅಂತ ಹೆದ್ರಿಕೊಂಡೆ.