ಕಾಶಿಯಲ್ಲಿ ಬಿಟ್ಟ ಮಾತು

ಮೊನ್ನೆ ಹೊಸಪೇಟೆಯಲ್ಲಿ ಮಾವನ ಕಾರು ಹತ್ತಿ ಬೆಲ್ಟ್ ಸಿಕ್ಕಿಸಿದೆ ನೋಡಿ, ‘ಟಕ್’ ಎಂದದ್ದೇ ತಡ, ನನ್ನ ಕತ್ತು ತಾನಾಗಿ ಮುಂದಕ್ಕೆ ಬಾಗಿತು. ಮಾವ ನಕ್ಕರು. ಹಿಂದೆ ಕೂತಿದ್ದ ಅತ್ತೆ ನಗಲಿಲ್ಲ. ಯಾಕೆಂದು ಹೇಳಬೇಕಾದರೆ ಕಾಶಿಯಿಂದಲೇ ಶುರುಮಾಡಬೇಕು.

ಸಂಡೂರಿನ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ನನ್ನ ಸೋದರಮಾವ ಕಂಪ್ಲಿಯ ಗದ್ದೆ ಮಾರಿ ಅದಿರು ಸಾಗಿಸುವ ಲಾರಿ ಕೊಂಡರು. ಮದುವೆಯಾಗಿ ಬಂದ ವರ್ಷದಿಂದ ಆ ಗದ್ದೆಯಲ್ಲಿ ನಾಟಿ ಹಾಕುತ್ತ ಬಂದಿದ್ದ ಅತ್ತೆಯನ್ನು ಒಂದು ಮಾತೂ ಕೇಳಲಿಲ್ಲ. ಆಮೇಲೆ ಸಮಾಧಾನಕ್ಕೆಂದು ಕಾಶಿಯಾತ್ರೆ ಹೊರಡಿಸಿದರು, ಅದೂ ವಿಮಾನದಲ್ಲಿ. ಇಂಗ್ಲಿಷು ಬಲ್ಲವನೆಂಬ ಅಪವಾದ ಇದ್ದುದರಿಂದ ಜತೆಗೆ ನಾನೂ ಹೊರಟೆ.

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು, ನಿಮಗೆ ಗೊತ್ತೇ ಇದೆ. ಮಾವ ಹಾಗಲಕಾಯಿ ಬಿಟ್ಟರು. ಹುಟ್ಟಿದಾಗಿನಿಂದ ಅದನ್ನು ಬಾಯಿಗಿಟ್ಟವರಲ್ಲ. ಅತ್ತೆ ಗಂಗೆಯಲ್ಲಿ ಮುಳುಗಿ ಎದ್ದು, ಗಂಡನ ಜೋಡಿ ಮಾತು ಬಿಟ್ಟೆ ಎಂದರು. ಇಷ್ಟವಾದದ್ದನ್ನಲ್ಲವೇ ಬಿಡಬೇಕಾದದ್ದು ಎಂದು ನಾನು ತಡೆದೆ.

“ಇಷ್ಟಪಟ್ಟೇ ಮಾತಾಡೀನಿ ತಮ್ಮಾ, ಇಷ್ಟು ವರ್ಷ” ಎಂದರು.

ಗಂಗೆಯಲ್ಲಿ ಬಿಟ್ಟದ್ದನ್ನು ವಾಪಸು ತೆಗೆದುಕೊಳ್ಳುವಂತಿಲ್ಲ. ಮಾವ ಮೊದಲು ನಕ್ಕರು, ಮರುದಿನ ಊಟ ಸೇರದೆ ಎದ್ದರು. ದೆಹಲಿಯಿಂದ ಬೆಂಗಳೂರಿಗೆ ಬರುವ ವಿಮಾನದಲ್ಲಿ ನನ್ನನ್ನು ನಡುವೆ ಕೂರಿಸಿದರು. ನೀರು ಬೇಕಾ ಎಂದು ಒಂದು ಕಿವಿಗೆ, ಬ್ಯಾಡ ಎಂದು ಇನ್ನೊಂದು ಕಿವಿಗೆ.

ಇಳಿಯುವ ಹೊತ್ತಿಗೆ ಪೈಲಟ್ ಹೇಳಿದ್ದು ಇಷ್ಟು: ರೆಕ್ಕೆಯ ಹಿಂಬದಿಯ ಫ್ಲ್ಯಾಪುಗಳು ಕೆಳಗೆ ಬಾಗುತ್ತಿಲ್ಲ, ಅವಿಲ್ಲದೆ ವೇಗ ತಗ್ಗಿಸಲಾಗದು, ಎಂದಿಗಿಂತ ಜೋರಾಗಿ ಇಳಿಯಬೇಕು, ಸಿದ್ಧತೆಗಾಗಿ ಸ್ವಲ್ಪ ಹೊತ್ತು ಸುತ್ತು ಹಾಕುತ್ತೇವೆ. ಇದನ್ನು ಕನ್ನಡದಲ್ಲಿ ಹೇಳಿ ಮುಗಿಸಿ ನಾನು ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡೆ.

ಮಾವನಿಗೆ ಮಾತ್ರ ಹುರುಪು ಬಂತು. ಗಗನಸಖಿಯನ್ನು ಕರೆದು, “ಡ್ರೈವರ್‌ಗೆ ಹೇಳ್ರಿ. ಸಂಡೂರು ಘಾಟಿನಾಗ ಹಿಂಗಾದ್ರ ನಾವು ಸೆಕೆಂಡ್ ಗೇರ್‌ನಾಗ ಇಳಸ್ತೀವಿ” ಎಂದರು. ಆಕೆಗೆ ಕನ್ನಡ ಬಾರದು. ಇವರಿಗೆ ಭಯವಾಗಿದೆ ಎಂದಷ್ಟೇ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಮಾವನ ಕೈಗೊಂದು ಚಾಕಲೇಟು ಕೊಟ್ಟು ಹೋದಳು.

ಕೊನೆಗೆ, ತಲೆ ಬಗ್ಗಿಸಿ ಮುಂದಿನ ಸೀಟಿಗೆ ಒತ್ತಿಕೊಳ್ಳಿ ಎಂಬ ಆಜ್ಞೆ ಬಂತು. ಎಲ್ಲರಿಗಿಂತ ಮೊದಲು ನಾನೇ ಬಗ್ಗಿದೆ. ದೂತನೇ ತಲೆ ಮರೆಸಿಕೊಂಡ ಮೇಲೆ ಅತ್ತೆಗೆ ಬೇರೆ ದಾರಿ ಉಳಿಯಲಿಲ್ಲ. ಬಳೆ ತೊಟ್ಟ ಕೈಯೊಂದು ನನ್ನ ಬೆನ್ನಿನ ಮೇಲೆ ಹಾದು ಆಚೆ ಹೋಯಿತು.

“ರೀ, ಕೈ ಹಿಡಕೋರಿ. ಗದ್ದಿ ಹೋದ್ರ ಹೋಗ್ಲಿ.”

“ನಿನ್ನ ಕೇಳಬೇಕಾಗಿತ್ತು” ಎಂದರು ಮಾವ. “ತಪ್ಪಾತು.”

ಚಕ್ರಗಳು ನೆಲಕ್ಕೆ ಬಡಿದವು. ವಿಮಾನ ಓಡಿ ಓಡಿ, ಇನ್ನೇನು ರನ್‌ವೇ ಮುಗಿಯಿತು ಎನ್ನುವಾಗ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಇವರಿಬ್ಬರನ್ನು ಬಿಟ್ಟು. ಇವರ ಕೈಗಳು ಇನ್ನೂ ನನ್ನ ಬೆನ್ನ ಮೇಲಿದ್ದವು.

ಏಣಿ ಇಳಿಯುವಾಗ ಅತ್ತೆ ಗಾಬರಿಯಾದರು. ಗಂಗೆಗೆ ಕೊಟ್ಟದ್ದನ್ನು ಕಿತ್ತುಕೊಂಡಂತಾಯಿತಲ್ಲ, ಬದಲಿಗೆ ಏನಾದರೂ ಕೊಡಲೇಬೇಕು. ಕಾಶಿ ಯಾವ ದಿಕ್ಕಿಗೆಂದು ನನ್ನನ್ನು ಕೇಳಿ, ಅತ್ತ ಕೈಮುಗಿದು, ತಮಗೆ ಪ್ರಾಣವಾಗಿದ್ದ ಬದನೆಕಾಯಿಯನ್ನು ಬಿಟ್ಟರು. ನಾನು ಊರಿಗೆ ಬಂದು ಈ ಕಥೆ ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ.

ಮೊನ್ನೆ ಕಾರಿಳಿದು ಅವರ ಮನೆಯಲ್ಲಿ ಊಟಕ್ಕೆ ಕೂತೆವು. ಅತ್ತೆ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಅದು ನನ್ನ ತಟ್ಟೆಗೆ ಮಾತ್ರ ಬಿತ್ತು, ಮಾವನ ತಟ್ಟೆಯ ಕಡೆ ಸೌಟು ಹೋಗಲೇ ಇಲ್ಲ. ಇಷ್ಟು ವರ್ಷ ಉಂಡರೂ ನಾನಿದನ್ನು ಗಮನಿಸಿರಲಿಲ್ಲ. ನೀವು ಯಾವಾಗ ಬಿಟ್ಟಿರಿ ಎಂದು ಕೇಳಿದೆ.

“ಅವತ್ತ, ಏಣಿ ಮ್ಯಾಲೆ” ಎಂದರು ಮಾವ. “ಆಕಿ ಒಬ್ಬಾಕಿನ ಯಾಕ ಬಿಡಬೇಕು?”

ಇನ್ನೊಂದು ಬಡಿಸಲು ಬಂದ ಅತ್ತೆಗೆ ನಾನು ಕೈ ಅಡ್ಡ ಹಿಡಿದೆ. ಅವರು ಕೇಳಲಿಲ್ಲ, ಬಡಿಸಿಯೇಬಿಟ್ಟರು.