ಕಡೆಯ ತಂಬಿಗೆ

ಹೋದ ವಾರ ಬೀದರಿನಲ್ಲಿ ನಮ್ಮ ಎದುರು ಮನೆಗೆ ಕೂಸು ನೋಡಲು ಹೋಗಿದ್ದೆ. ಬಚ್ಚಲಲ್ಲಿ ಕೂಸಿಗೆ ಇನ್ನೂ ನೀರು ಹಾಕುತ್ತಿದ್ದರು. ಹೊರಗೆ ಕೆಂಡದ ಮೇಲೆ ಆಗಲೇ ಲೋಬಾನ, ಅಜಿವಾನ ಬಿದ್ದಿತ್ತು. ಆ ಹೊಗೆಯ ವಾಸನೆ ಯಾರಿಗಾದರೂ ಹಿತವೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು... ಯಾಕೆಂದು ಆ ಮನೆಯವರಿಗೆ ಹೇಳುವಂತಿರಲಿಲ್ಲ.

ಭಾಲ್ಕಿಯ ನನ್ನ ತವರಿನ ಓಣಿಗೆ ಎಳೆಕೂಸುಗಳಿಗೆ ನೀರು ಹಾಕಲು ಒಬ್ಬ ಆಯಿ ಬರುತ್ತಿದ್ದಳು. ನನಗೆ, ನನ್ನ ಅಣ್ಣನಿಗೆ, ಓಣಿಯ ಅರ್ಧ ಮಂದಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು ಅವಳೇ. ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡಳೆಂದರೆ ಅದು ಎಷ್ಟೇ ಚೀರಲಿ, ಅವಳಿಗೆ ಗಡಿಬಿಡಿಯಿಲ್ಲ. ನಮ್ಮ ಕಡೆ ನೀರು ಹಾಕುವವರು ಕಡೆಯ ತಂಬಿಗೆಯನ್ನು ನೆತ್ತಿಯ ಮೇಲೆ ಸುರಿಯುವಾಗ, ಕೂಸಿನ ರಕ್ಷಣೆಗೆಂದು ತಮ್ಮ ತಮ್ಮ ದೇವರ ಹೆಸರು ಹೇಳುತ್ತಾರೆ. ಒಬ್ಬಳು ಖಂಡೋಬಾ ಅನ್ನುತ್ತಾಳೆ, ಇನ್ನೊಬ್ಬಳು ಬಿಸ್ಮಿಲ್ಲಾ ಅನ್ನುತ್ತಾಳೆ. ನಮ್ಮ ಆಯಿ ಕ್ರಿಶ್ಚಿಯನ್. "ಯೇಸಪ್ಪಾ, ಈ ಕೂಸಿನ ಕಾಯಪ್ಪಾ," ಅನ್ನುತ್ತಿದ್ದಳು, ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ. ಲಿಂಗಪೂಜೆಯಿಲ್ಲದೆ ತುತ್ತು ಮುಟ್ಟದ ನನ್ನ ಅಜ್ಜಿ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿರುತ್ತಿದ್ದಳು.

ನನ್ನ ಬಾಣಂತನಕ್ಕೂ ಅವಳೇ ಬಂದಳು. ಆಗ ಅವಳಿಗೆ ವಯಸ್ಸಾಗಿತ್ತು, ಕೈ ಮಾತ್ರ ಹಾಗೇ ಇತ್ತು. ಬೀದರಿನಲ್ಲಿದ್ದ ಗಂಡನಿಗೆ ಮಗಳನ್ನು ತೋರಿಸಬೇಕೆಂದು ಒಂದು ಬೆಳಿಗ್ಗೆ ನಾನೇ ಫೋನಿನಲ್ಲಿ ವಿಡಿಯೋ ಮಾಡಿದೆ. ಕಡೆಯ ತಂಬಿಗೆ, ಮಗಳ ಕಿರುಚಾಟ, ಆಯಿಯ ಪ್ರಾರ್ಥನೆ, ಎಲ್ಲ ಬಂದಿತ್ತು. ಅವರು ಹಿಗ್ಗಿ ಹೀರೇಕಾಯಿಯಾಗಿ ಅದನ್ನು ತಮ್ಮ ಬಂಧುಗಳ ಗುಂಪಿಗೆ ಹಾಕಿದರು. ಅಲ್ಲಿಂದ ಯಾರ ಯಾರ ಕೈಗೆ ಹೋಯಿತೋ... ನಾಲ್ಕನೇ ದಿನ ಭಾಲ್ಕಿಗೇ ತಿರುಗಿ ಬಂದಾಗ ಅದರ ಮೇಲೆ ಒಂದು ಸಾಲು ಸೇರಿತ್ತು. ಬಚ್ಚಲಲ್ಲೇ ನಮ್ಮ ಕೂಸುಗಳ ಮತಾಂತರ ನಡೆದಿದೆ, ಎಂದು.

ಎಂಥ ಮೂರ್ಖರು! ಚರ್ಚಿನಲ್ಲಿ ಪಾದ್ರಿ ಕೊಡುವ ದೀಕ್ಷಾಸ್ನಾನ ಯಾವುದು, ಕೂಸಿನ ಮೈಗೆ ಹಚ್ಚಿದ ಕಡಲೆಹಿಟ್ಟು ತೊಳೆಯುವ ಬಿಸಿನೀರು ಯಾವುದು, ಅಷ್ಟೂ ತಿಳಿಯದವರು. ತಮ್ಮ ತಾಯಂದಿರನ್ನು ಕೇಳಿದ್ದರೆ ಸಾಕಿತ್ತು. ಅವರು ಕೇಳಲಿಲ್ಲ, ತಾಯಂದಿರೂ ತಾವಾಗಿ ಹೇಳಲಿಲ್ಲ.

ಹತ್ತು ಮಂದಿ ನಮ್ಮ ಅಂಗಳಕ್ಕೇ ನುಗ್ಗಿದರು. ಆಯಿ ಕೆಲಸ ಮುಗಿಸಿ ಹೊರಟಿದ್ದಳು. ಮುಂದೆ ನಿಂತವನು ನಮ್ಮ ಓಣಿಯವನೇ, ಕೂಸಾಗಿದ್ದಾಗ ಅವಳ ಕಾಲ ಮೇಲೆ ಬೋರಲು ಬಿದ್ದು ಚೀರಿದವನೇ. ಫೋನನ್ನು ಅವಳ ಮುಖಕ್ಕೆ ಹಿಡಿದ.

"ಕೈ ಮುಗದು ಮಾಫಿ ಕೇಳು. ನಾಳಿಯಿಂದ ನಮ್ಮ ದೇವರ ಹೆಸರೇ ತಗೋತೇನಿ ಅನ್ನು. ಇಲ್ಲಂದರ ಈ ಊರಾಗ ನೀ ಹ್ಯಾಂಗ ಇರ್ತಿ ನೋಡ್ತೇವಿ."

ಆಯಿ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡಳು. "ನಿನಗೂ ಅದೇ ಹೆಸರ ಹೇಳಿ ನೀರ ಹಾಕೀನಪ್ಪಾ. ನಿನಗೇನ ಕೆಟ್ಟದ? ನಿಮ್ಮ ದೇವರಿಗಿ ನಾ ಏನೂ ಅಂದಿಲ್ಲ. ನನ್ನ ದೇವರಿಗಿ ನಾ ಬಿಡಂಗಿಲ್ಲ."

ಒಬ್ಬ ಅವಳ ಚೀಲ ಒದ್ದ. ಸೀಸೆ ಒಡೆದು ಎಣ್ಣೆ ಅಂಗಳದ ಕಲ್ಲಿನ ಮೇಲೆ ಹರಡಿತು. ಅಪ್ಪ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಬಾಣಂತಿ ಹೊಸ್ತಿಲು ದಾಟಬಾರದೆಂದು ಅವ್ವ ನನ್ನ ತೋಳು ಹಿಡಿದಿದ್ದಳು. ಹಿಡಿಯದಿದ್ದರೂ ನಾನು ಹೋಗುತ್ತಿರಲಿಲ್ಲ. ವಿಡಿಯೋ ಮಾಡಿದ್ದು ನಾನು, ಅದರಲ್ಲಿದ್ದದ್ದು ನನ್ನ ಕೂಸು. ಅವಳು ನನಗೆ ಯಾವತ್ತೂ ಚರ್ಚಿಗೆ ಬಾ ಎಂದಿರಲಿಲ್ಲ ಎಂಬ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ... ಬರಲಿಲ್ಲ. ಆ ಹತ್ತು ಮಂದಿಯ ಮೇಲಿನ ಸಿಟ್ಟು ಎಲ್ಲಿಗೆ ಹೋದರೂ ಕೊನೆಗೆ ನನ್ನ ಮೇಲೇ ಬಂದು ಕೂರುತ್ತದೆ.

ಮರುದಿನ ಅವಳು ಬರುವುದಿಲ್ಲವೆಂದುಕೊಂಡಿದ್ದೆವು. ದಿನದ ಹೊತ್ತಿಗೆ ಸರಿಯಾಗಿ ಬಂದಳು, ಹೊಸ ಸೀಸೆಯೊಂದಿಗೆ. ಎಣ್ಣೆ ತಿಕ್ಕಿದಳು, ಹಿಟ್ಟು ಹಚ್ಚಿದಳು, ನೀರು ಹಾಕಿದಳು. ಕಡೆಯ ತಂಬಿಗೆ ಎತ್ತುವಾಗ ಅವ್ವ ಅವಳ ಕೈ ಹಿಡಿದಳು.

"ಆಯಿ, ಇವತ್ತ ಮನಸ್ಸಿನ್ಯಾಗೇ ಅನ್ರಿ. ಬಾಯಿಲೆ ಬ್ಯಾಡ್ರಿ. ಆಜೂಬಾಜೂ ಕೇಳಸ್ತದ."

ಆಯಿ ಅವ್ವನ ಕಡೆ ತಿರುಗಿದಳು. "ನಿನ್ನಿ ಹತ್ತು ಮಂದಿ ಮುಂದ ಬಿಟ್ಟಿಲ್ಲ ನಾ. ಇವತ್ತ ನಿಮ್ಮ ಬಚ್ಚಲದಾಗ ಬಿಡ್ಲೇನ್ರಿ?"

ಅವ್ವ ಕೈ ಬಿಡಲಿಲ್ಲ. ಆಯಿ ತುಂಬಿದ ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಒದ್ದೆ ಕೂಸನ್ನು ಟವೆಲಿನಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟು, ನನ್ನ ಮಗಳ ಕೆನ್ನೆ ಸವರಿ ಹೊರಟುಹೋದಳು. ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾವೂ ಕರೆಯಲಿಲ್ಲ.

ಉಳಿದ ಮನೆಗಳೂ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಆದರೂ ಪ್ರತಿ ಭಾನುವಾರ ಅವಳು ಬೈಬಲ್ಲನ್ನು ಕಂಕುಳಲ್ಲಿಟ್ಟುಕೊಂಡು, ಸುತ್ತುದಾರಿ ಹಿಡಿಯದೆ, ನಮ್ಮ ಓಣಿಯ ನಡುವೆಯೇ ಚರ್ಚಿಗೆ ಹೋಗುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವಳ ಮನೆಯ ಮೇಲೆ ಕಲ್ಲು ಬಿದ್ದ ಮೇಲೆ ಅವಳ ಮಗಳು ಬಂದು ಹಟ ಹಿಡಿದು ಔರಾದಿಗೆ ಕರೆದುಕೊಂಡು ಹೋದಳಂತೆ. ಅಲ್ಲಿಯೇ ತೀರಿಕೊಂಡಳು. ನನಗೆ ತಿಳಿದದ್ದು ಮಣ್ಣಾಗಿ ಎರಡು ತಿಂಗಳ ಮೇಲೆ.

ಎದುರು ಮನೆಯ ಬಚ್ಚಲ ಬಾಗಿಲಲ್ಲಿ ನಿಂತು ನೋಡಿದೆ. ನೀರು ಹಾಕುವವಳು ಕಡೆಯ ತಂಬಿಗೆಯನ್ನು ತುಟಿ ಬಿಚ್ಚದೆ ಸುರಿದಳು. ದೇವರ ಹೆಸರು ಹೇಳುವುದಿಲ್ಲವೇ ಎಂದು ಕೇಳಿದೆ.

"ಯಾಕ ಬೇಕ್ರಿ ಝಗಡಾ? ಈಗ ಯಾರೂ ಅನ್ನಂಗಿಲ್ಲರಿ. ಖಾಲಿ ನೀರ ಹಾಕತೇವಿ."

ಮನೆಗೆ ಬಂದು, ಸಿಗುವುದಿಲ್ಲವೆಂದು ಗೊತ್ತಿದ್ದೂ ಫೋನೆಲ್ಲ ಹುಡುಕಿದೆ. ಆಯಿಯ ದನಿ ನನ್ನ ಬಳಿ ಇದ್ದದ್ದು ಆ ಒಂದು ವಿಡಿಯೋದಲ್ಲಿ. ಆ ಮಂದಿ ಅಂಗಳಕ್ಕೆ ನುಗ್ಗಿದ ದಿನವೇ, ಬಾಗಿಲ ಹಿಂದೆ ನಿಂತು, ಹೆದರಿ ಅಳಿಸಿಬಿಟ್ಟಿದ್ದೆ; ಗಂಡನ, ಅವರ ಬಂಧುಗಳ ಫೋನುಗಳಿಂದಲೂ ಅಳಿಸಿಹಾಕಿಸಿದ್ದೆ. ಆ ಹತ್ತು ಮಂದಿಯ ಫೋನುಗಳಲ್ಲಿ ಅದು ಇನ್ನೂ ಇರಬೇಕು. ಈಗ ಅವಳ ದನಿ ಕೇಳಬೇಕೆಂದರೆ ನಾನು ಅವರ ಬಾಗಿಲಿಗೇ ಹೋಗಿ ನಿಲ್ಲಬೇಕು.